ಓದಬಲ್ಲವರು ಸಿಕ್ಕರೆ

ಮೇಲಿನ ಹಲ್ಲಿನ ಸೆಟ್ಟು ಹೇಗೋ ಕೂತಿತು. ಕೆಳಗಿನದು ಮಾತ್ರ ಒಳಗೆ ಹೋಗಲೊಲ್ಲದು.

ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಅವಳು ಮತ್ತೊಮ್ಮೆ ಮೇಷ್ಟ್ರ ದವಡೆಗೆ ಒತ್ತಿ ಹಿಡಿದಳು. ಕಿವಿಯ ಮುಂದಿನ ಕೀಲಿನ ಮೇಲೆ ಹೆಬ್ಬೆರಳಿಟ್ಟು, ಗಟ್ಟಿ ಮೇಣವನ್ನು ಮೆತ್ತಗಾಗಿಸುವ ಹಾಗೆ ಸುತ್ತಲೂ ತೀಡಿದಳು. ಇಪ್ಪತ್ತು ವರ್ಷದಿಂದ ಊರಿನವರಿಗೆ ಹಲ್ಲು ಕಟ್ಟಿಕೊಟ್ಟು ಬದುಕಿದವಳು, ಎಂಥೆಂಥ ಬಾಯಿಗಳನ್ನೋ ನೋಡಿದವಳು. ಸತ್ತವರ ಬಾಯಿಗೆ ಕೈ ಹಾಕಿದ್ದು ಇದೇ ಮೊದಲು. ಬದುಕಿದವರು ಎಷ್ಟೇ ಹೆದರಿಕೊಂಡರೂ ಒಂದು ಹೊತ್ತಿಗೆ ಬಾಯಿ ಬಿಡುತ್ತಾರೆ.

"ಬೊಚ್ಚು ಬಾಯಲ್ಲಿ ಕಳಿಸಬೇಡಮ್ಮ ಅವರನ್ನ," ಎಂದರು ಮಂಚದ ಕಾಲ ಬಳಿ ನಿಂತಿದ್ದ ಮೇಷ್ಟ್ರ ಹೆಂಡತಿ. "ಹಲ್ಲಿಲ್ಲದೆ ನನ್ನ ಮುಂದೆ ಕೂಡ ಮಾತಾಡಿದವರಲ್ಲ."

ಬೆಳಗ್ಗೆ ಆರೂವರೆಗೆ ಫೋನ್ ಮಾಡಿದವರು ಅವರೇ. ನಸುಕಿನಲ್ಲಿ ನೀರು ಬೇಕು ಅಂತ ಎದ್ದು ಕೂತ ಮೇಷ್ಟ್ರು ಹಾಗೇ ಪಕ್ಕಕ್ಕೆ ವಾಲಿದರಂತೆ. ಡಾಕ್ಟರು ಬಂದು ನೋಡಿ, ಚೀಟಿ ಬರೆದುಕೊಟ್ಟು ಹೋದ ಮೇಲೆ ಮುದುಕಿಗೆ ಮೊದಲು ಕಂಡದ್ದು ಕಿಟಕಿಯ ಮೇಲಿನ ಹಲ್ಲಿನ ಡಬ್ಬಿ. ಡಬ್ಬಿಯ ಮೇಲೆ ಅವಳ ಲ್ಯಾಬಿನ ನಂಬರು ಅಂಟಿಸಿತ್ತು. ಬಂದು ಹಲ್ಲು ಕೂರಿಸಿ, ಜನ ಸೇರುವ ಮೊದಲೇ ಹೊರಟುಬಿಡಬೇಕು ಅಂತ ಗಟ್ಟಿ ಮಾಡಿಕೊಂಡೇ ಅವಳು ಸ್ಕೂಟರ್ ಹತ್ತಿದ್ದಳು. ಹತ್ತು ಗಂಟೆಗೆ ಲ್ಯಾಬಿಗೆ ಒಬ್ಬರು ಬಾಯಿಯ ಅಚ್ಚು ಕೊಡೋಕೆ ಬರುವವರಿದ್ದರು.

ಮೂರನೇ ಸಲ ಬಿಸಿ ಬಟ್ಟೆ ಒತ್ತಿದ ಮೇಲೆ ದವಡೆ ಒಂದು ಬೆರಳಿನಷ್ಟು ಬಿಟ್ಟಿತು. ಅವಳು ಸೆಟ್ಟನ್ನು ಅಡ್ಡ ಹಿಡಿದು ಒಳಗೆ ಜಾರಿಸಿ, ನೇರ ಮಾಡಿ, ಅದುಮಿದಳು. ಸಣ್ಣದಾಗಿ ಟಕ್ ಅಂತು. ಗುಳಿ ಬಿದ್ದಿದ್ದ ಕೆನ್ನೆ ತುಂಬಿಕೊಂಡು ಮೇಷ್ಟ್ರ ಮುಖ ಮೇಷ್ಟ್ರ ಮುಖವಾಯಿತು. ಇನ್ನೇನು ಯಾರದೋ ತಪ್ಪು ತಿದ್ದಿಬಿಡುತ್ತಾರೆ ಅನ್ನುವ ಹಾಗಿತ್ತು.

ಅದನ್ನು ನೋಡಲಾಗದೆ ಅವಳು ಕೈ ತೊಳೆಯಲು ಹೋದಳು. ಒಂದು ಸಲ ತೊಳೆದು, ಒರೆಸಿ, ಮತ್ತೆ ನಲ್ಲಿ ತಿರುಗಿಸಿದಳು.

ಹೊರಡೋಣವೆಂದು ಚೀಲ ಎತ್ತಿಕೊಳ್ಳುವಷ್ಟರಲ್ಲಿ ಜನ ಬಂದಾಗಿತ್ತು. ಮೇಷ್ಟ್ರ ಅಕ್ಕನ ಮಗ ತನ್ನ ಪ್ರೆಸ್ಸಿನಿಂದ ನೇರವಾಗಿ ಬಂದಿದ್ದ. ಉಗುರುಗಳಲ್ಲಿ ಇನ್ನೂ ಶಾಯಿ ಇತ್ತು. ಬಂದವನೇ ಎಲ್ಲವನ್ನೂ ಕೈಗೆ ತೆಗೆದುಕೊಂಡ. ಗಾಡಿ ಎರಡು ಗಂಟೆಗೆ, ಮೂರರೊಳಗೆ ಮಣ್ಣು, ನಾಲ್ಕಕ್ಕೆ ಎಲ್ಲರೂ ಅವರವರ ಮನೆ. ಮೇಷ್ಟ್ರಿಗೆ ಮಕ್ಕಳಿಲ್ಲ. ಇವನೇ ಎಲ್ಲ. ಹಿಂದೆಯೇ ಅವಳ ಕಾಲೇಜಿನ ಜೊತೆಗಾರರು ಇಬ್ಬರು ಬಂದರು. ಒಬ್ಬ ಈಗ ವಕೀಲ. ಇನ್ನೊಬ್ಬ ಲಾರಿ ಆಫೀಸಿನಲ್ಲಿ ಮ್ಯಾನೇಜರು. ಬಾಗಿಲಲ್ಲಿ ತಲೆ ಬಗ್ಗಿಸಿಯೇ ಬರಬೇಕಾದಷ್ಟು ಎತ್ತರವಾದ್ದರಿಂದ ಅಂದಿನಿಂದ ಇಂದಿನವರೆಗೂ ಅವನ ಹೆಸರು ಉದ್ದಣ್ಣ. ಅವಳನ್ನು ನೋಡಿ ಇಬ್ಬರೂ ಮೊದಲು ಗುರುತು ಹಿಡಿಯಲಿಲ್ಲ, ಗುರುತು ಸಿಕ್ಕ ಮೇಲೆ ದೂರದಿಂದಲೇ ತಲೆ ಆಡಿಸಿದರು.

ಮೇಷ್ಟ್ರ ಹೆಂಡತಿ ಬೀರುವಿನಿಂದ ಒಂದು ಲಕೋಟೆ ತಂದು ಅಳಿಯನ ಕೈಗಿಟ್ಟರು. ಒಳಗೆ ಒಂದೇ ಹಾಳೆ. ಎಂಟು ಸಾಲು, ಮೇಷ್ಟ್ರು ಕಾಲೇಜಿನಲ್ಲಿ ಕಲಿಸುತ್ತಿದ್ದ ಆ ಹಳೆಯ ಭಾಷೆಯಲ್ಲಿ, ಅವರದೇ ಕೈಬರಹದಲ್ಲಿ. ಕೆಳಗೆ ಕನ್ನಡದಲ್ಲಿ ಬರೆದಿತ್ತು: ಮಣ್ಣು ಹಾಕುವ ಮೊದಲು ಇದನ್ನು ಓದಬೇಕು. ಸರಿಯಾಗಿ ಓದಬಲ್ಲವರು ಸಿಕ್ಕರೆ ಮಾತ್ರ. ಸಿಗದಿದ್ದರೆ ಬೇಡ.

ಅಳಿಯ ಹಾಳೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ. "ಯಾರೋ ಒಬ್ರು ಓದಿದ್ರಾಯ್ತು ಅತ್ತೆ. ಕೇಳೋರಿಗೇನು ಗೊತ್ತಾಗುತ್ತೆ?"

"ಅವರಿಗೆ ಗೊತ್ತಾಗುತ್ತಲ್ಲಪ್ಪ," ಎಂದರು ಮುದುಕಿ, ಒಳಗಿನ ಮಂಚದ ಕಡೆ ನೋಡಿ.

ವಕೀಲ ಕನ್ನಡಕ ಹಾಕಿಕೊಂಡು ಹಾಳೆ ನೋಡಿದ. ಮೂರು ವರ್ಷ ಓದಿ ಪದವಿ ತೆಗೆದುಕೊಂಡವನು. ಅಕ್ಷರಗಳೇನೋ ನೆನಪಿದ್ದವು, ಕೆಲವು. ಅವನೂ ಉದ್ದಣ್ಣನೂ ಸೇರಿಕೊಂಡು ಎಷ್ಟು ತಿಣುಕಿದರೂ ಬಾಯಿಗೆ ಬಂದದ್ದು ಮೊದಲನೇ ವರ್ಷದ ಮೊದಲನೇ ಪಾಠದ ವಿಭಕ್ತಿ ಪಟ್ಟಿ ಮಾತ್ರ. ಅದನ್ನು ಮಾತ್ರ ಇಬ್ಬರೂ ಮಗ್ಗಿಯ ಹಾಗೆ ಒಂದೇ ಉಸಿರಿಗೆ ಒಪ್ಪಿಸಿದರು. ಹೆಣ ಮಲಗಿದ ಮನೆಯೆಂಬುದು ಆಮೇಲೆ ನೆನಪಾಗಿ ಸುಮ್ಮನಾದರು. ಮುದುಕಿಯ ಮುಖದಲ್ಲಿ ಬೆಳಗಿನಿಂದ ಮೊದಲ ಸಲ ನಗುವಿನಂಥದ್ದು ಒಂದು ಸುಳಿದು ಹೋಯಿತು.

"ಇವಳಿದ್ದಾಳಲ್ಲ," ಎಂದ ಉದ್ದಣ್ಣ. "ನಮ್ಮೆಲ್ಲರಿಗಿಂತ ಇವಳೇ ಚೆನ್ನಾಗಿ ಓದ್ತಿದ್ಲು. ನೀನೇ ಓದು ತಾಯಿ."

ಎಲ್ಲರೂ ಅವಳ ಕಡೆ ತಿರುಗಿದರು. ಅವಳ ಕೈಯಲ್ಲಿ ಸ್ಕೂಟರಿನ ಕೀಲಿ ಇತ್ತು.

*

ಆ ವಿಷಯವನ್ನು ಅವಳು ಆರಿಸಿಕೊಂಡದ್ದು ಕ್ಯೂ ಇಲ್ಲ ಅಂತ.

ಕಾಲೇಜಿಗೆ ಸೇರುವ ದಿನ ವಾಣಿಜ್ಯದ ಕೌಂಟರಿನ ಸಾಲು ಗೇಟು ದಾಟಿ ರಸ್ತೆಗೆ ಬಂದಿತ್ತು, ವಿಜ್ಞಾನದ್ದು ಮೆಟ್ಟಿಲ ಮೇಲೆ ಸುತ್ತಿಕೊಂಡಿತ್ತು. ಮೂಲೆಯ ಕೌಂಟರಿನ ಮುಂದೆ ಮಾತ್ರ ಒಂದು ನರಪಿಳ್ಳೆಯೂ ಇರಲಿಲ್ಲ. ಮೇಲೆ 'ಪ್ರಾಚೀನ ಭಾಷೆಗಳು' ಅಂತ ಬೋರ್ಡು. ಒಳಗೆ ಕೂತಿದ್ದವರು ಪೆನ್ಸಿಲ್ ಕೆತ್ತುತ್ತಿದ್ದರು. ಮಧ್ಯಾಹ್ನದೊಳಗೆ ಮನೆಗೆ ಹೋಗಿ ಅಪ್ಪನನ್ನು ಮಗ್ಗುಲು ಬದಲಿಸಿ ಮಲಗಿಸಬೇಕಿತ್ತು. ಕಟ್ಟಡದ ಅಟ್ಟಣಿಗೆಯಿಂದ ಬಿದ್ದ ಮೇಲೆ ಅಪ್ಪ ಎದ್ದಿರಲಿಲ್ಲ. ಅವಳು ಆ ಕೌಂಟರಿಗೇ ಹೋದಳು.

ವಿಭಾಗವೆಂದರೆ ಸೈಕಲ್ ಸ್ಟ್ಯಾಂಡಿನ ಮೇಲಿನ ಒಂದು ಕೋಣೆ, ಪಕ್ಕದಲ್ಲಿ ನೀರಿನ ಟ್ಯಾಂಕು. ಏಳು ಜನ ಸೇರಿದ್ದರು, ಬರುತ್ತಿದ್ದವರು ನಾಲ್ಕು. ಸಾವಿರಾರು ವರ್ಷದಿಂದ ಯಾರೂ ಆಡದ ಭಾಷೆ. ಬಲದಿಂದ ಎಡಕ್ಕೆ ಹೋಗುವ, ಕೋಳಿ ಕೆದರಿದಂಥ ಲಿಪಿ. ಅದರಲ್ಲಿ ಸ್ವರ ಬರೆಯುವ ರೂಢಿಯೇ ಇಲ್ಲ. ಮೂರು ವ್ಯಂಜನ ಗೀಚಿಟ್ಟು ಹೋಗಿರುತ್ತಾರೆ. ಅದು ಮರಳೋ, ಮರುಳೋ, ಮುರಳಿಯೋ, ಓದುವವರೇ ತುಂಬಿಕೊಳ್ಳಬೇಕು. ಒಂದು ಸ್ವರ ತಪ್ಪಿದರೆ ಅರ್ಥ ಬೇರೆ ದಾರಿ ಹಿಡಿಯುತ್ತದೆ.

"ಇದನ್ನ ಕಣ್ಣಲ್ಲಿ ಓದೋಕಾಗಲ್ಲ, ಕಿವಿಯಲ್ಲಿ ಓದಬೇಕು," ಎನ್ನುತ್ತಿದ್ದರು ಮೇಷ್ಟ್ರು. ಬಸ್ಸಿನಲ್ಲಿ ಟಿಕೆಟ್ ಕೇಳುವಾಗಲೂ ವಿಭಕ್ತಿ ಜಾರದ ಹಾಗೆ ಮಾತಾಡುವ ಮನುಷ್ಯ. ಕಾಲೇಜಿಗೆಲ್ಲ ಅವರು ವಿಭಕ್ತಿ ಮೇಷ್ಟ್ರು. ಯಾವ ಪುಸ್ತಕವನ್ನೂ ಬರೆದವರಲ್ಲ, ಯಾವ ಸಭೆಯಲ್ಲೂ ಕೂತವರಲ್ಲ. ಹತ್ತು ಗಂಟೆಗೆ ಬಂದು, ಬೋರ್ಡು ಒರೆಸಿ, ಇಬ್ಬರಿದ್ದರೆ ಇಬ್ಬರಿಗೆ, ಒಬ್ಬರಿದ್ದರೆ ಒಬ್ಬರಿಗೆ ಪಾಠ ಹೇಳಿ ಹೋಗುವರು.

ಕ್ಯೂ ಇಲ್ಲ ಅಂತ ಹೋದವಳು ಎರಡನೇ ತಿಂಗಳಿಗೆ ಆ ಕೋಣೆ ಬಿಟ್ಟು ಬರಲಾರದ ಹಾಗಾದಳು. ಸ್ವರವಿಲ್ಲದ ಸಾಲನ್ನು ಎದುರಿಗಿಟ್ಟುಕೊಂಡು ಬಾಯಲ್ಲೇ ತಿರುಗಿಸಿ ತಿರುಗಿಸಿ ನೋಡುವಾಗ, ಒಂದು ಗಳಿಗೆಗೆ ಎಲ್ಲ ಸ್ವರಗಳೂ ತಂತಮ್ಮ ಜಾಗದಲ್ಲಿ ಬಂದು ಕೂರುತ್ತಿದ್ದವು. ಎಂದೋ ಸತ್ತ ಧಾನ್ಯದ ವ್ಯಾಪಾರಿ ತನ್ನ ತಮ್ಮನನ್ನು ಬೈಯುವುದು ಪಕ್ಕದ ಮನೆಯಿಂದ ಕೇಳಿದಷ್ಟು ಸ್ಪಷ್ಟವಾಗುತ್ತಿತ್ತು. ಮನೆಯಲ್ಲಿ ಪಾತ್ರೆ ತಿಕ್ಕುವಾಗ, ಅಪ್ಪನ ಬೆನ್ನು ಒರೆಸುವಾಗ ಅವಳ ತುಟಿ ಅಲ್ಲಾಡುತ್ತಲೇ ಇರುತ್ತಿತ್ತು. ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ ಮುಗಿಸಿ ಬರುವ ಅವಳ ತಾಯಿ ಅದನ್ನು ಬಾಗಿಲಲ್ಲಿ ನಿಂತು ನೋಡುವಳು.

ಎರಡನೇ ವರ್ಷದ ಪರೀಕ್ಷೆಗೆ ಇನ್ನು ಒಂದು ವಾರ ಇರುವಾಗ ಮೇಷ್ಟ್ರು ಅವಳೊಬ್ಬಳನ್ನೇ ಉಳಿಯಲು ಹೇಳಿದರು. ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು.

"ನೀನು ಈ ವಿಷಯ ಬಿಟ್ಟುಬಿಡೋದು ಒಳ್ಳೇದು," ಎಂದರು. "ಇದಕ್ಕೆ ಬೇಕಾದ ಕಿವಿ ನಿನಗಿಲ್ಲ. ಶ್ರಮ ಇದೆ, ಕಿವಿ ಇಲ್ಲ. ಅದು ಕಲಿಸಿ ಬರೋದಲ್ಲ."

ಅವಳು ಅಷ್ಟು ಹೊತ್ತು ಕೈಯಲ್ಲಿ ಹಿಡಿದಿದ್ದ ವ್ಯಾಕರಣದ ಪುಸ್ತಕವನ್ನು ಮೇಜಿನ ಮೇಲಿಟ್ಟು ಮೆಟ್ಟಿಲಿಳಿದಳು. ಪರೀಕ್ಷೆಗೆ ಕೂರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಹಲ್ಲು ಕಟ್ಟುವ ಎರಡು ವರ್ಷದ ತರಬೇತಿಗೆ ಸೇರಿದಳು, ಕಲಿಯುವಾಗಲೇ ಅಷ್ಟಿಷ್ಟು ಸಂಬಳ ಸಿಗುತ್ತಿತ್ತು. ಊರಿನ ಇನ್ನೊಂದು ತುದಿಯಲ್ಲಿದ್ದ ಆ ಕಾಲೇಜಿನ ರಸ್ತೆಗೆ ಮತ್ತೆ ಕಾಲಿಡಲಿಲ್ಲ. ಯಾರಾದರೂ ಹಾಡು ಹೇಳು ಎಂದರೆ, ಹೊಸ ಭಾಷೆಯ ನಾಲ್ಕು ಮಾತು ಕಲಿ ಎಂದರೆ, ನನಗೆ ಕಿವಿ ಇಲ್ಲ ಎನ್ನುವಳು. ಕಿವುಡಿ ಎಂದುಕೊಂಡು ಗಟ್ಟಿಯಾಗಿ ಮಾತಾಡಿದವರೂ ಉಂಟು.

*

"ನಾನು ಓದಲ್ಲ," ಎಂದಳು ಅವಳು. "ಓದಬಲ್ಲವರು ಬೇಕು ಅಂತ ಬರೆದಿದ್ದಾರೆ. ನನಗೆ ಕಿವಿ ಇಲ್ಲ ಅಂದವರೂ ಅವರೇ."

ಮಾತು ಅವಳು ಎಣಿಸಿದ್ದಕ್ಕಿಂತ ಗಟ್ಟಿಯಾಗಿ ಬಂತು. ಸಾವಿನ ಮನೆಯಲ್ಲಿ ಲೆಕ್ಕ ಚುಕ್ತಾ ಮಾಡಲು ಬಂದವಳ ಹಾಗೆ ಎಲ್ಲರೂ ನೋಡಿದರು. ಅಳಿಯ ಆ ಹಾಳೆಯನ್ನು ವಕೀಲನ ಕೈಗೆ ತುರುಕಿ, ನೀವೇ ಒಂಚೂರು ರೂಢಿ ಮಾಡ್ಕೊಳಿ ಸರ್, ಇನ್ನೂ ಟೈಮಿದೆ ಎಂದ. ವಕೀಲ ಹಾಳೆ ಹಿಡಿದು ಹಜಾರದ ಹೊರಗೆ ಹೋದ. ಅವಳು ಚಪ್ಪಲಿ ಹುಡುಕತೊಡಗಿದಳು. ಬಂದವರ ಚಪ್ಪಲಿಗಳ ರಾಶಿಯಲ್ಲಿ ಅವಳದು ಒಂದೇ ಕಾಲಿನದು ಸಿಕ್ಕಿತು.

ಮೇಷ್ಟ್ರ ಹೆಂಡತಿ ಅವಳ ಮುಂಗೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದರು. ಅಲ್ಲಿ ತೊಳೆಯದ ಎರಡು ಲೋಟ ಇದ್ದವು, ರಾತ್ರಿಯವು.

"ನಿಮ್ಮಮ್ಮ ಇದ್ದಾರಾ?" ಎಂದು ಕೇಳಿದರು.

"ಇದ್ದಾರೆ. ನನ್ನ ಜೊತೇನೇ."

"ಅವರು ನಿನಗೇನೂ ಹೇಳಿಲ್ವಾ? ಇಷ್ಟು ವರ್ಷವಾದ್ರೂ?"

ಅವಳಿಗೆ ಅರ್ಥವಾಗಲಿಲ್ಲ. ಮುದುಕಿ ಲೋಟವೊಂದನ್ನು ಎತ್ತಿ ನಲ್ಲಿಗೆ ಹಿಡಿದು, ತೊಳೆಯದೆ ಕೆಳಗಿಟ್ಟರು. ಆಮೇಲೆ ಹೇಳಿದರು. ಆ ವರ್ಷ, ಪರೀಕ್ಷೆಗೆ ಇನ್ನು ಹತ್ತು ದಿನ ಇರುವಾಗ, ಒಬ್ಬ ಹೆಂಗಸು ಈ ಮನೆಯ ಮುಂದಿನ ಮೆಟ್ಟಿಲ ಮೇಲೆ ಬಂದು ಕೂತಳಂತೆ. ಒಳಗೆ ಬನ್ನಿ ಅಂದರೆ ಬರಲಿಲ್ಲ, ನೀರು ಕೊಟ್ಟರೆ ಕುಡಿಯಲಿಲ್ಲ. ನನ್ನ ಮಗಳನ್ನ ಬಿಡಿಸಿಕೊಡಿ, ನಾನು ಹೇಳಿದ್ರೆ ಅವಳು ಬಿಡಲ್ಲ, ನೀವು ಹೇಳಿದ್ರೆ ಬಿಡ್ತಾಳೆ, ಅಷ್ಟೇ ಮಾತು. ಮೇಷ್ಟ್ರು ಆಗೋದಿಲ್ಲ ಎಂದು ಒಳಗೆ ಬಂದರು. ಮಾರನೇ ದಿನ ಸಂಜೆ ಮತ್ತೆ ಬಂದು ಕೂತಳು. ಅದರ ಮಾರನೇ ದಿನವೂ. ಮೂರನೇ ಸಂಜೆ ಮೇಷ್ಟ್ರು ಹೊರಗೆ ಹೋಗಿ ಅದೇ ಮೆಟ್ಟಿಲ ಮೇಲೆ ಆ ತಾಯಿಯ ಪಕ್ಕದಲ್ಲಿ ಕೂತರು. ಕತ್ತಲಾಗುವವರೆಗೆ ಇಬ್ಬರೂ ಮಾತಾಡಿದ್ದು ಕೇಳಿಸಲಿಲ್ಲ. ಒಳಗೆ ಬಂದವರು ಊಟ ಬೇಡ ಎಂದರು.

"ಸುಳ್ಳು ಹೇಳಿದ್ರಾ ಹಾಗಾದ್ರೆ?" ಎಂದಳು ಅವಳು. ತನ್ನ ದನಿ ಯಾರದೋ ಅನ್ನಿಸಿತು.

"ಸುಳ್ಳೇ. ಬೇರೆ ಏನಾದ್ರೂ ಹೇಳಬಹುದಿತ್ತು ಅಂತ ನಾನೂ ಜಗಳ ಆಡಿದೆ. ಮನೆ ಕಷ್ಟ ನೋಡಿ ಬಿಡು ಅಂದಿದ್ರೆ ಆಗ್ತಿರಲಿಲ್ವಾ ಅಂದೆ. ಹಾಗಂದ್ರೆ ಅವಳು ಅರ್ಧ ರಾತ್ರಿ ಕೆಲಸ ಮಾಡಿ ಅರ್ಧ ರಾತ್ರಿ ಓದ್ತಾಳೆ, ಬಿಡಲ್ಲ ಅಂದ್ರು. ಆರು ತಿಂಗಳು ನಾನು ಸರಿಯಾಗಿ ಮಾತಾಡಲಿಲ್ಲ ಅವರ ಹತ್ರ." ಮುದುಕಿ ಸೆರಗಿನಿಂದ ಒಣಗಿದ ಕೈಯನ್ನೇ ಒರೆಸಿಕೊಂಡರು. "ಈ ಊರಲ್ಲಿ ಹಲ್ಲು ಕಟ್ಟೋರು ಎಷ್ಟು ಜನ ಇದ್ದಾರೆ ಹೇಳು. ಎರಡು ಬಸ್ಸು ಬದಲಾಯಿಸಿ ನಿನ್ನ ಹತ್ರಾನೇ ಯಾಕೆ ಬಂದ್ರು ಅಂದ್ಕೊಂಡೆ?"

*

ಮೂರು ವರ್ಷದ ಕೆಳಗೆ ಲ್ಯಾಬಿನ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ ಮೇಷ್ಟ್ರ ಬಾಯಲ್ಲಿ ನಾಲ್ಕು ಹಲ್ಲಿದ್ದವು, ಅವೂ ಅಲ್ಲಾಡುತ್ತಿದ್ದವು. ಡೆಂಟಿಸ್ಟರ ಚೀಟಿ ಮುಂದಿಟ್ಟರು. ಅವಳು ಮುಖ ನೋಡಿದಳು, ಚೀಟಿ ನೋಡಿದಳು, ಕೂತ್ಕೊಳಿ ಎಂದಳು. ಅವರೂ ಅಷ್ಟೇ. ಹೇಗಿದ್ದೀಯ ಎನ್ನಲಿಲ್ಲ. ಚೀಟಿಯಲ್ಲಿ ಹಲ್ಲಿನ ಬಣ್ಣದ ನಂಬರು ಮರೆತಿದ್ದಾರೆ ನೋಡು ಎಂದರು.

ನಾಲ್ಕನೇ ಸಲ ಬಂದಾಗ ಸೆಟ್ಟು ತಯಾರಾಗಿತ್ತು. ಹೊಸ ಹಲ್ಲು ಕೂರಿಸಿದ ಮೇಲೆ ಮಾತಾಡಿಸಿ ನೋಡುವುದು ಅವಳ ಪದ್ಧತಿ. ಅಗಿಯುವುದನ್ನು ಎಲ್ಲರೂ ಪರೀಕ್ಷೆ ಮಾಡುತ್ತಾರೆ, ಮಾತನ್ನು ಮಾಡುವವರು ಕಡಿಮೆ. ಮುಂದಿನ ಹಲ್ಲು ಕೂದಲೆಳೆಯಷ್ಟು ಉದ್ದವಾದರೂ 'ಸ' ಅನ್ನುವಾಗ ಸೀಟಿ ಹೊಡೆಯುತ್ತದೆ. ಅವಳು ಗೋಡೆಯ ಕಡೆ ತಿರುಗಿ ಕಣ್ಣು ಮುಚ್ಚಿ ಕೇಳುವಳು, ಅರ ಹಿಡಿದು ಉಜ್ಜುವಳು, ಮತ್ತೆ ಕೇಳುವಳು. ಊರಿನ ಡೆಂಟಿಸ್ಟರೆಲ್ಲ ಮಾತಿನ ಕೆಲಸದವರನ್ನು, ಮೇಷ್ಟ್ರುಗಳನ್ನು, ಭಾಷಣದವರನ್ನು ಅವಳ ಹತ್ತಿರವೇ ಕಳಿಸುತ್ತಿದ್ದರು.

"ಸಾಸಿವೆ, ಸೀಸೆ, ಸಂತೆ ಅನ್ನಿ," ಎಂದಳು.

ಅವರು ಸಾಸಿವೆ ಅನ್ನಲಿಲ್ಲ. ಆ ಹಳೆಯ ಭಾಷೆಯಲ್ಲಿ ಎರಡು ಸಾಲು ಹೇಳಿದರು. ಅವಳ ಬೆನ್ನು ನೆಟ್ಟಗಾಯಿತು. ಗೋಡೆಯ ಕಡೆಯಿಂದ ತಿರುಗದೆಯೇ, "ಮೂರನೇ ಪದದಲ್ಲಿ ಸೀಟಿ ಇದೆ. ಕೊಡಿ," ಎಂದಳು. ಉಜ್ಜಿ ಕೊಟ್ಟಳು. ಅವರು ಮತ್ತೆ ಹೇಳಿದರು.

"ಈಗ ಹಲ್ಲು ಸರಿಯಾಗಿದೆ," ಎಂದಳು. "ಆದ್ರೆ ಕೊನೇ ಪದದಲ್ಲಿ ದೀರ್ಘ ನುಂಗಿದ್ರಿ. ಅದು ಹಲ್ಲಿನ ತಪ್ಪಲ್ಲ."

ಹಿಂದೆ ಕುರ್ಚಿ ಕಿರುಗುಟ್ಟಿದ ಸದ್ದಾಯಿತು.

"ಹೌದು," ಎಂದರು. "ನುಂಗಿದೆ."

ಅವಳು ತಿರುಗಿದಾಗ ಅವರು ಕರವಸ್ತ್ರದಿಂದ ಬಾಯಿ ಒರೆಸುತ್ತಿದ್ದರು. ಹೊಸ ಹಲ್ಲಿನವರಿಗೆ ಜೊಲ್ಲು ಜಾಸ್ತಿ. ಅಷ್ಟೇ ಎಂದುಕೊಂಡಳು. ಬಾಗಿಲವರೆಗೆ ಹೋದವರು ಹಿಡಿ ಹಿಡಿದು ನಿಂತರು. ನಿನಗೆ, ಎಂದು ಏನೋ ಶುರು ಮಾಡಿ, ರಾತ್ರಿ ಇದನ್ನ ಬಿಸಿನೀರಲ್ಲಿಡಬೇಕೋ ತಣ್ಣೀರಲ್ಲೋ ಎಂದು ಕೇಳಿದರು. ಅದನ್ನು ಅವಳು ಆಗಲೇ ಎರಡು ಸಲ ಹೇಳಿದ್ದಳು. ತಣ್ಣೀರು, ಎಂದು ಮೂರನೇ ಸಲ ಹೇಳಿದಳು.

*

ಅವಳು ಹಿತ್ತಲ ಬಾಗಿಲಿನಿಂದ ಬರಿಗಾಲಲ್ಲೇ ಹೊರಗೆ ಬಂದಳು. ಬಟ್ಟೆ ಒಣಹಾಕುವ ಹಗ್ಗದ ಮೇಲೆ ಮೇಷ್ಟ್ರ ಒಂದು ಅಂಗಿ ಇತ್ತು, ನಿನ್ನೆ ಒಗೆದದ್ದು. ಅದರ ಈ ಬದಿಯಿಂದ ಆ ಬದಿಗೆ, ಆ ಬದಿಯಿಂದ ಈ ಬದಿಗೆ ಓಡಾಡಿದಳು. ಫೋನು ತೆಗೆದು ಮನೆಗೆ ಮಾಡಿದಳು.

"ಎಲ್ಲಿದ್ದೀಯ?" ಎಂದಳು ಅವಳ ತಾಯಿ. "ಅಚ್ಚು ಕೊಡೋಕೆ ಯಾರೋ ಬಂದು ಬಾಗಿಲು ನೋಡ್ಕೊಂಡು ಹೋದ್ರಂತೆ, ಪಕ್ಕದ ಅಂಗಡಿಯೋರು ಮನೆಗೆ ಫೋನ್ ಮಾಡಿದ್ರು."

"ವಿಭಕ್ತಿ ಮೇಷ್ಟ್ರು ಹೋಗಿಬಿಟ್ರು. ಅವರ ಮನೇಲಿದ್ದೀನಿ."

ಆ ಕಡೆ ಕುಕ್ಕರಿನ ಸದ್ದು, ಅದು ನಿಂತದ್ದು, ಎಲ್ಲ ಕೇಳಿಸಿತು.

"ಅಮ್ಮ, ನೀನು ಇಲ್ಲಿಗೆ ಬಂದಿದ್ಯಾ? ಆಗ?"

"ಹೂಂ. ಬಂದಿದ್ದೆ."

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಬಿಡ್ತಿದ್ಯಾ?" ತಾಯಿಯ ದನಿಯಲ್ಲಿ ಗಾಬರಿ ಇರಲಿಲ್ಲ, ಎಂದಾದರೂ ಒಂದು ದಿನ ಕೇಳುತ್ತಾಳೆ ಅಂತ ಉತ್ತರ ಮಡಚಿ ಇಟ್ಟುಕೊಂಡಿದ್ದವಳ ಹಾಗಿತ್ತು. "ನಿಮ್ಮಪ್ಪ ಎದ್ದೇಳಲ್ಲ ಅಂತ ಡಾಕ್ಟ್ರು ಹೇಳಿದ್ದು ನನಗೊಬ್ಬಳಿಗೇ. ನಿನ್ನ ತಮ್ಮನಿಗೆ ಒಂಬತ್ತು. ನನ್ನ ಕೈ ನೋಡಿದ್ಯಲ್ಲ ಆಗ, ಒಗೆಯೋ ಸೋಡಾದಲ್ಲಿ ಬೆಂದು ಹೇಗಾಗಿತ್ತು. ಇನ್ನೊಂದು ವರ್ಷ ಎಳೆಯೋಕೆ ನನ್ನ ಕೈಲಿ ಆಗ್ತಿರಲಿಲ್ಲ."

"ಕಿವಿ ಇಲ್ಲ ಅನ್ನಿ ಅಂತ ನೀನೇ ಹೇಳಿಕೊಟ್ಯಾ?"

"ಅಯ್ಯೋ, ಅದೆಲ್ಲ ನನಗೇನು ಗೊತ್ತು. ಹೇಗಾದ್ರೂ ಬಿಡಿಸಿ ಅಂದೆ. ಹೇಗೆ ಅನ್ನೋದನ್ನ ಅವರೇ ಹುಡುಕ್ಕೊಂಡ್ರು." ಕುಕ್ಕರಿನ ಮುಚ್ಚಳ ತೆಗೆದ ಸದ್ದಿನ ಜೊತೆಗೇ ಹೇಳಿದಳು, "ಅತ್ತರು ಕಣೆ ಅವರು. ಗಂಡಸು ಹಾಗೆ ಅತ್ತದ್ದು ನಾನು ನೋಡಿರಲಿಲ್ಲ. ನಾನು ಅಳಲಿಲ್ಲ."

ಅವಳು ಹಗ್ಗದ ಮೇಲಿನ ಅಂಗಿಯ ತೋಳನ್ನು ಹಿಡಿದುಕೊಂಡಿದ್ದಳು. ಬಿಟ್ಟಳು.

"ತಪ್ಪಾಯ್ತು ಅನ್ನಲಾ?" ಎಂದಳು ತಾಯಿ. "ಬೇಕಾದ್ರೆ ಅಂತೀನಿ. ಆದ್ರೆ ಆ ದಿನ ಮತ್ತೆ ಬಂದ್ರೆ ಮತ್ತೆ ಹೋಗಿ ಅದೇ ಮೆಟ್ಟಿಲ ಮೇಲೆ ಕೂರ್ತೀನಿ. ಅದನ್ನೂ ಹೇಳಿಬಿಡ್ತೀನಿ."

ಅವಳಿಗೆ ಕೂಗಬೇಕು ಅನ್ನಿಸಿತು. ಯಾರ ಮೇಲೆ ಅಂತ ತಿಳಿಯಲಿಲ್ಲ. ಒಬ್ಬರು ಒಳಗೆ ಮಲಗಿದ್ದರು, ಇನ್ನೊಬ್ಬರು ಒಲೆಯ ಮುಂದೆ ನಿಂತಿದ್ದರು. ಇಪ್ಪತ್ತೆರಡು ವರ್ಷ ಅವಳು ಹೊತ್ತ ಸಿಟ್ಟು ತಪ್ಪು ವಿಳಾಸಕ್ಕೆ ಹೋದ ಕಾಗದದ ಹಾಗೆ ವಾಪಸು ಬಂದಿತ್ತು, ಸರಿಯಾದ ವಿಳಾಸ ಮಾತ್ರ ಯಾರೂ ಬರೆದಿರಲಿಲ್ಲ. ಊಟಕ್ಕೆ ಬರ್ತೀಯಾ ಎಂದು ತಾಯಿ ಕೇಳಿದಳು. ಗೊತ್ತಿಲ್ಲ ಎಂದು ಫೋನಿಟ್ಟಳು.

ಆಗಲೇ ಅವಳಿಗೆ ಹಜಾರದ ಕಡೆಯಿಂದ ವಕೀಲನ ದನಿ ಕೇಳಿದ್ದು. ಅವನು ಮೊದಲ ಸಾಲನ್ನು ರೂಢಿ ಮಾಡಿಕೊಳ್ಳುತ್ತಿದ್ದ. ತೋಚಿದ ಸ್ವರವನ್ನು ತೋಚಿದಲ್ಲಿ ತುರುಕಿ, ಕೋರ್ಟಿನಲ್ಲಿ ಅರ್ಜಿ ಓದುವ ಹಾಗೆ ಒಂದೇ ಏರಿನಲ್ಲಿ ಓದುತ್ತಿದ್ದ. ಅವಳ ಹಲ್ಲು ಜುಮ್ಮೆಂದಿತು. ಮನೆಯ ಇನ್ನೊಂದು ಮಗ್ಗುಲಿಗೆ ಹೋದಳು, ಅಲ್ಲಿಗೂ ಕೇಳಿಸಿತು. ಸ್ಕೂಟರಿನ ಹತ್ತಿರ ಹೋದಳು, ಅಲ್ಲಿಗೂ. ಎರಡನೇ ಪದ ಕ್ರಿಯಾಪದ, ಅದಕ್ಕೆ ಆ ಸ್ವರ ಕೂರುವುದೇ ಇಲ್ಲ. ಹೋಗಿ ಹೇಳಲೇ ಅಂದುಕೊಂಡಳು. ನನಗೇನು ಅಂದುಕೊಂಡಳು. ಕೀಲಿ ಹಾಕಿ ತಿರುಗಿಸಿದಳು, ತೆಗೆದಳು. ಅಷ್ಟರಲ್ಲಿ ಗಾಡಿ ಬಂತು.

ಸ್ಮಶಾನ ಹತ್ತು ನಿಮಿಷದ ದಾರಿ. ಅವಳು ಗಾಡಿಯ ಹಿಂದೆ ಸ್ಕೂಟರಿನಲ್ಲಿ ಹೋದಳು. ತಿರುವಿನಲ್ಲಿ ಮನೆಯ ಕಡೆ ಹೊರಳಿಬಿಡಬೇಕು ಅಂತ ಎರಡು ಕಡೆ ಅನ್ನಿಸಿತು, ಎರಡು ಕಡೆಯೂ ಹೊರಳಲಿಲ್ಲ. ಒಟ್ಟು ಹದಿನಾಲ್ಕು ಜನ. ಗುಂಡಿ ತೋಡಿದ್ದ ಇಬ್ಬರು ಸಲಿಕೆ ಊರಿ ಪಕ್ಕದಲ್ಲಿ ನಿಂತಿದ್ದರು. ಗಾಡಿಯ ಡ್ರೈವರಿಗೆ ನಾಲ್ಕಕ್ಕೆ ಇನ್ನೊಂದು ಮನೆಗೆ ಹೋಗಬೇಕಿತ್ತು, ಅವನು ಗೇಟಿನ ಹತ್ತಿರ ಗಡಿಯಾರ ನೋಡುತ್ತಿದ್ದ. ಮೋಡವಿಲ್ಲದ ಬಿಸಿಲು. ಮೇಷ್ಟ್ರನ್ನು ಇಳಿಸಿದರು. ಅವರ ಹೆಂಡತಿ ಒಂದು ಹಿಡಿ ಮಣ್ಣು ಕೈಯಲ್ಲಿ ಹಿಡಿದು ಹಾಕದೆ ನಿಂತರು.

ಅಳಿಯ ವಕೀಲನ ಕಡೆ ನೋಡಿ ತಲೆ ಆಡಿಸಿದ. ವಕೀಲ ಗಂಟಲು ಸರಿ ಮಾಡಿಕೊಂಡು ಮೊದಲನೇ ಪದ ಓದಿದ, ಎರಡನೇ ಪದದಲ್ಲಿ ತಡವರಿಸಿ ಏನೋ ಒಂದು ಅಂದು ಮುಂದಕ್ಕೆ ಹೋದ. ಹಣೆಯಲ್ಲಿ ಬೆವರಿತ್ತು. ಪಾಪ, ಅವನಿಗೂ ಗೊತ್ತಿತ್ತು. ಮುದುಕಿ ಮಾತ್ರ ಅವನನ್ನು ನೋಡುತ್ತಿರಲಿಲ್ಲ, ಕೆಳಗೆ ನೋಡುತ್ತಿದ್ದರು, ತಪ್ಪಿಗೆ ಕ್ಷಮೆ ಕೇಳುವವರ ಹಾಗೆ.

"ಕೊಡು ಇಲ್ಲಿ," ಎಂದಳು ಅವಳು.

ವಕೀಲ ಹಾಳೆಯನ್ನು ಅವಳ ಕೈಗೆ ಹಾಕಿ ಉಸಿರು ಬಿಟ್ಟ.

ಇಪ್ಪತ್ತೆರಡು ವರ್ಷದ ಮೇಲೆ ಆ ಲಿಪಿ. ಮೊದಲಿಗೆ ಬರೀ ಗೀರುಗಳು ಕಂಡವು. ಅವಳು ಹಾಳೆಯನ್ನು ನೆರಳಿಗೆ ತಿರುಗಿಸಿ ತುಟಿ ಅಲ್ಲಾಡಿಸಿದಳು. ಯಾರೋ ಕೆಮ್ಮಿದರು. ಒಂದು ವ್ಯಂಜನ, ಅದರ ಪಕ್ಕ ಇನ್ನೊಂದು. ಕತ್ತಲ ಕೋಣೆಯಲ್ಲಿ ಗೋಡೆ ತಡವಿ ಸ್ವಿಚ್ಚು ಹುಡುಕುವವಳ ಹಾಗೆ ಹುಡುಕಿದಳು. ಆಮೇಲೆ ದನಿ ತೆಗೆದು ಓದಿದಳು.

ಯಾವನೋ ಕತ್ತೆ ಹೊಡೆಯುವವನ ಸಮಾಧಿ ಕಲ್ಲಿನ ಮಾತು. ಅವರು ಇದನ್ನು ತರಗತಿಯಲ್ಲಿ ಎಂದೂ ಓದಿಸಿರಲಿಲ್ಲ. ಮೊದಲನೇ ಸಾಲು, ಉಪ್ಪಿನ ದಾರಿಯಲ್ಲಿ ನಲವತ್ತು ವರ್ಷ ನಡೆದೆ. ಎರಡನೇ ಸಾಲು, ಬಾವಿ ಕಂಡಲ್ಲಿ ಮೊದಲು ಕುಡಿದವನು ನಾನಲ್ಲ. ಸಾಲು ಓದುತ್ತ ಓದುತ್ತ ಅರ್ಥ ಹಿಂದೆಯೇ ನಡೆದು ಬರುತ್ತಿತ್ತು. ದನಿ ಗಟ್ಟಿಯಾಯಿತು. ಮೂರನೇ ಸಾಲಿಗೆ ಬಂದಳು. ಅವುಗಳ ಬೆನ್ನಿನ ಹುಣ್ಣಿಗೆ ನನ್ನ ಊಟದ ಎಣ್ಣೆ...

ಅಲ್ಲಿ ನಿಂತಳು.

ಅವುಗಳ, ಎಂದಿದೆ, ಅಂದರೆ ಕತ್ತೆಗಳ. ಹಾಗಾದರೆ ಮೊದಲ ಸಾಲಿನ ಕ್ರಿಯಾಪದ 'ನಡೆದೆ' ಅಲ್ಲ. ಅದೇ ಮೂರು ವ್ಯಂಜನ, ಆದರೆ ನಡುವಿನ ಸ್ವರ ಬೇರೆ, ಒಂದಿಷ್ಟು ದೀರ್ಘ. 'ನಡೆಸಿದೆ'. ಅವಳ ಕಿವಿಗೆ ಅದು ಈಗ ಎಷ್ಟು ಸ್ಪಷ್ಟವಾಗಿ ಕೇಳಿಸಿತೆಂದರೆ, ಮೊದಲು ಓದಿದ್ದು ಬಾಯಲ್ಲಿ ಕಲ್ಲಿನ ಹಾಗೆ ಒತ್ತಿತು.

ಮುಗಿಯಿತೆಂದುಕೊಂಡು ಗುಂಡಿಯವನೊಬ್ಬ ಸಲಿಕೆ ಎತ್ತಿದ. ಅಳಿಯ ಅವಳ ಹತ್ತಿರ ಸರಿದು, ಇರಲಿ ಬಿಡಿ, ಇಷ್ಟು ಸಾಕು ಎಂದು ಪಿಸುಗುಟ್ಟಿದ. ಗೇಟಿನಲ್ಲಿ ಡ್ರೈವರು ಗಾಡಿಯ ಬಾಗಿಲು ತೆಗೆದು ಮುಚ್ಚಿದ ಸದ್ದಾಯಿತು.

"ತಪ್ಪು ಓದಿದೆ," ಎಂದಳು ಅವಳು. "ಮೊದಲಿಂದ ಓದ್ತೀನಿ."

ಸಲಿಕೆಯವನು ಅವಳ ಮುಖ ನೋಡಿದ, ಕೈಯಲ್ಲಿದ್ದ ಹಾಳೆ ನೋಡಿದ. ಸಲಿಕೆಯನ್ನು ಕೆಳಗೆ ಮಲಗಿಸಿ, ತಲೆಯ ಬಟ್ಟೆ ಬಿಚ್ಚಿ ಕತ್ತು ಒರೆಸಿಕೊಂಡು, ತಾನೇ ಅಗೆದು ಹಾಕಿದ್ದ ಹಸಿ ಮಣ್ಣಿನ ಗುಡ್ಡೆಯ ಮೇಲೆ ಕಾಲು ಚಾಚಿ ಕೂತ.